ಸಿಡಿಲಾಳು ತಡವಾಗಿ ಬಂದ ದಿನ

ಬಾಗಿಲು ಕಂಡಲ್ಲೆಲ್ಲ ತಲೆ ಬಗ್ಗಿಸಿ ಬಗ್ಗಿಸಿ ಅವನ ಬೆನ್ನೇ ಕೊಂಚ ಬಾಗಿಹೋಗಿತ್ತು. ಅಷ್ಟು ಎತ್ತರದ ಆಳು. ಕಂಬಣ್ಣ ಎಂಬ ಹೆಸರು ಮೀಸೆ ಮೂಡುವ ಮೊದಲೇ ಅಂಟಿಕೊಂಡದ್ದು, ಮೀಸೆ ನೆರೆತರೂ ಬಿಟ್ಟಿರಲಿಲ್ಲ. ಹೆಂಡತಿ ಕೂಡ ಸಿಟ್ಟು ಬಂದರೆ, "ನನ್ನ ಹಣೆಯಲ್ಲಿ ಈ ಕಂಬವೇ ಬರೆದಿತ್ತಾ" ಎನ್ನುವಳು. ಸಿಟ್ಟು ಇಳಿದ ಮೇಲೆ ಅಟ್ಟದ ಮೇಲಿನ ಡಬ್ಬ ತೆಗೆದುಕೊಡಲು ಅದೇ ಕಂಬವನ್ನು ಕೂಗುವಳು.

ಎತ್ತರವೇನೂ ಅವನಿಗೆ ಬಹಳ ಕಾಲ ಅನ್ನ ಹಾಕಲಿಲ್ಲ. ಅಂಗಿಗೆ ಬಟ್ಟೆಯನ್ನು ಮಾತ್ರ ಹೆಚ್ಚು ಕೇಳಿತು. ಹರೆಯದಲ್ಲಿ ದೊಡ್ಡ ಜವಳಿ ಅಂಗಡಿಯೊಂದರ ಲಿಫ್ಟಿನೊಳಗೆ ಸ್ಟೂಲು ಹಾಕಿಕೊಂಡು ಗುಂಡಿ ಒತ್ತುವ ಕೆಲಸ ಮಾಡುತ್ತಿದ್ದ. ಜನ ತಾವೇ ಗುಂಡಿ ಒತ್ತಲು ಕಲಿತ ಮೇಲೆ ಆ ಸ್ಟೂಲನ್ನು ಎತ್ತಿ ಹೊರಗೆ ಹಾಕಿದರು, ಅದರ ಹಿಂದೆಯೇ ಅವನನ್ನೂ. ಆಮೇಲೆ ಊರಾಚೆಯ ಗೋದಾಮಿನಲ್ಲಿ ಕಾವಲಿಗೆ ನಿಂತ. ಅಲ್ಲಿದ್ದಾಗಲೇ ಬಸುರಿ ಹೆಂಡತಿಗೆ ನೋವು ಕಾಣಿಸಿಕೊಂಡಿತು. ಸುದ್ದಿ ಅವನಿಗೆ ಮುಟ್ಟಿ, ಅವನು ಬಿದ್ದೆನೋ ಎದ್ದೆನೋ ಎಂದು ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಗು ಉಸಿರಿಲ್ಲದೆ ಹುಟ್ಟಿತ್ತು.

ಅವಳು ಅತ್ತು ರಂಪ ಮಾಡಲಿಲ್ಲ. ಒಂದೇ ಒಂದು ಮಾತು ಹೇಳಿದಳು. "ನನ್ನನ್ನು ಒಳಗೆ ತಳ್ಳಿಕೊಂಡು ಹೋಗುವಾಗ ತಿರುಗಿ ನೋಡಿದೆ ಕಣ್ರೀ. ಬಾಗಿಲ ಹತ್ತಿರ ಅಷ್ಟು ಜನ ಇದ್ದರು. ನಮ್ಮದು ಅನ್ನೋ ಮುಖ ಒಂದೂ ಇರಲಿಲ್ಲ." ಆ ಮಾತು ಅವನ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದುಕೊಂಡಿತು. ಮತ್ತೆ ಮಕ್ಕಳಾಗಲಿಲ್ಲ. ಮುಳ್ಳೂ ಹೊರಗೆ ಬರಲಿಲ್ಲ.

ಈಗ ಅವಳ ಹೊಟ್ಟೆಯಲ್ಲಿ ಗಡ್ಡೆ. ತಡಮಾಡದೆ ಕೊಯ್ದು ತೆಗೆಯಬೇಕು ಎಂದು ಡಾಕ್ಟರು ಹೇಳಿದ್ದರು. ಅವಳು ಒಪ್ಪಿದಳು, ಆದರೆ ಒಂದು ಕರಾರು ಹಾಕಿದಳು.

"ನಿಮ್ಮ ಮುಖ ನೋಡದೆ ನಾನು ಆ ಬಾಗಿಲು ದಾಟಲ್ಲ. ಡಾಕ್ಟರ್ ಬಂದು ಹೇಳಿದರೂ ಅಷ್ಟೇ, ಅವರಪ್ಪ ಬಂದು ಹೇಳಿದರೂ ಅಷ್ಟೇ."

"ನಾನು ಎಲ್ಲಿಗೆ ಹೋಗ್ತೀನಿ ಮಾರಾಯ್ತಿ. ಅಲ್ಲೇ ಇರ್ತೀನಿ."

"ಆವತ್ತೂ ಹಾಗೇ ಅಂದಿದ್ದಿರಿ."

ಆಪರೇಷನ್ನು ಸಂಜೆಗೆ ಎಂದು ಗೊತ್ತಾಗಿತ್ತು. ಆ ದಿನವೇ ಚಿತ್ರಮಂದಿರದಲ್ಲಿ ಸಿಡಿಲಾಳು ಸಿನಿಮಾ ಬಿಡುಗಡೆ.

ಸಿಡಿಲಾಳು ಎಂದರೆ ವಾರಕ್ಕೊಮ್ಮೆ ಬರುತ್ತಿದ್ದ ಚಿತ್ರಕಥೆ ಪುಸ್ತಕದ ನಾಯಕ. ಅಪ್ಪಂದಿರು ಓದಿ ಮೂಲೆ ಮಡಚಿದ ಪುಟಗಳನ್ನು ಮಕ್ಕಳು ಓದಿ ಹರಿದಿದ್ದರು. ಅವನಿಗೆ ಹಾರಲು ಬಾರದು, ಬೆಟ್ಟ ಎತ್ತಲು ಬಾರದು. ಓಡುತ್ತಾನೆ, ಅಷ್ಟೆ. ಆದರೆ ಕಷ್ಟದಲ್ಲಿದ್ದವರು ಕೂಗಿದರೆ ಹೊತ್ತು ಮೀರುವ ಮೊದಲೇ ಬಂದು ನಿಲ್ಲುತ್ತಾನೆ; ಒಂದು ಸಲವಾದರೂ ತಡವಾದವನಲ್ಲ. ನೀಲಿ ಮುಖವಾಡವನ್ನು ಯಾರ ಮುಂದೆಯೂ ತೆಗೆದವನಲ್ಲ. ಇವೆರಡನ್ನು ಓದಿದವರೆಲ್ಲ ಕಣ್ಣಿಗೊತ್ತಿಕೊಂಡು ನಂಬಿದ್ದರು.

ಕಂಬಣ್ಣ ಒಂದು ಪುಟವನ್ನೂ ಓದಿದವನಲ್ಲ. ಆದರೂ ಆ ವೇಷ ಅವನ ಪಾಲಿಗೆ ಬಂತು. ಬಿಡುಗಡೆಗೆ ಮೊದಲಿನಿಂದಲೂ ಚಿತ್ರಮಂದಿರದ ಮುಂದೆ ಸಿಡಿಲಾಳಿನ ಹಾಗೆ ನಿಲ್ಲಲು ಒಬ್ಬ ಎತ್ತರದ ಆಳು ಬೇಕಾಗಿತ್ತು. ಮ್ಯಾನೇಜರು ಅವನನ್ನು ಮೇಲಿಂದ ಕೆಳಗೆ ನೋಡಿ, "ಎಡಗೈ ಸೊಂಟಕ್ಕೆ, ಬಲಗೈ ಮೇಲಕ್ಕೆ. ಬಾಯಿ ಮಾತ್ರ ಬಿಡಬೇಡ. ಸಿಡಿಲಾಳಿನ ಬಾಯಲ್ಲಿ ನಿನ್ನ ಕೆಮ್ಮು ಕೇಳಿಸಿದರೆ ಮುಗೀತು" ಎಂದಿದ್ದ.

ಅದಕ್ಕಿಂತ ದೊಡ್ಡ ಕಟ್ಟುಪಾಡು ಇನ್ನೊಂದಿತ್ತು. ಬೇರೆ ಯಾವುದೋ ಚಿತ್ರಮಂದಿರದ ಮುಂದೆ ಪಡ್ಡೆ ಹುಡುಗರು ಇಂಥದೇ ವೇಷದವನ ಮುಖವಾಡ ಕಿತ್ತು, ಒಳಗಿನ ಬೋಳುತಲೆಯ ಫೋಟೋ ತೆಗೆದು ಊರೆಲ್ಲ ಹಂಚಿ ನಗಾಡಿದ್ದರಂತೆ. ಅಂದಿನಿಂದ ಮ್ಯಾನೇಜರು ಹರಿದ ಸೀಟುಗಳಿಗೆ ಹೊಲಿಗೆ ಹಾಕುವ ಅಜ್ಜಿಗೆ ಹೊಸ ಕೆಲಸ ಕೊಟ್ಟ. ಬೆಳಗ್ಗೆ ಕಂಬಣ್ಣ ವೇಷ ತೊಟ್ಟ ಕೂಡಲೇ ಅಜ್ಜಿ ಅವನನ್ನು ಕುಕ್ಕರುಗಾಲಲ್ಲಿ ಕೂರಿಸಿ, ಸೀಟಿನ ದಪ್ಪ ನೈಲಾನು ದಾರದಿಂದ ಮುಖವಾಡವನ್ನು ಕತ್ತಿನ ಪಟ್ಟಿಗೆ ಸುತ್ತಲೂ ಹೊಲಿದುಬಿಡುವಳು. ಬೆನ್ನಿನ ಜಿಪ್ಪಿನ ತುದಿಯೂ ಆ ಹೊಲಿಗೆಯ ಅಡಿಗೇ ಸೇರುತ್ತಿತ್ತು. ಆಟ ಮುಗಿದು ಅಜ್ಜಿ ಬಂದು ಕತ್ತರಿಸುವ ತನಕ ಮುಖವೂ ಹೊರಗಿಲ್ಲ, ಮೈಯೂ ಹೊರಗಿಲ್ಲ.

"ಅಲ್ಲಾಡಬೇಡ ಮಗಾ, ಕತ್ತಿಗೆ ಚುಚ್ಚಿದರೆ ನನ್ನ ಬೈಬೇಡ," ಎಂದಳು ಅಜ್ಜಿ ಆ ದಿನವೂ.

"ಅಜ್ಜಿ, ಇವತ್ತು ಮ್ಯಾಟ್ನಿ ಶುರುವಾಗೋ ಹೊತ್ತಿಗೆ ಬಿಚ್ಚಿಬಿಡಿ. ಆಸ್ಪತ್ರೆಗೆ ಹೋಗಬೇಕು."

"ಊಟ ಮಾಡಿ ಬಂದವಳೇ ಬಿಚ್ತೀನಿ. ನೀನು ಎಲ್ಲೂ ಓಡಿಹೋಗಲ್ಲವಲ್ಲ." ಹಲ್ಲಿಲ್ಲದ ಬಾಯಲ್ಲಿ ದಾರ ಕಡಿಯಲಾರದೆ ಕತ್ತರಿಯಿಂದ ಕತ್ತರಿಸಿ, ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು.

ಬೆಳಗಿನ ಆಟಕ್ಕೆ ಜನ ಇರುವೆಯ ಸಾಲಿನಂತೆ ಬಂದರು. ಕಂಬಣ್ಣನ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು, ಕೈ ಮುಟ್ಟಿದರು, ಮಕ್ಕಳನ್ನು ಎತ್ತಿ ತೋರಿಸಿದರು. ಗ್ಯಾರೇಜಿನ ಮೆಕ್ಯಾನಿಕ್ ಒಬ್ಬ, ತನ್ನ ಬೈಕಿನ ಟ್ಯಾಂಕಿನ ಮೇಲೆ ಸಿಡಿಲಾಳಿನ ಗುರುತು ಬರೆಸಿಕೊಂಡವನು, ಅವನೆದುರು ಸುಮ್ಮನೆ ಎದೆಯ ಮೇಲೆ ಕೈಯಿಟ್ಟು ನಿಂತು ಒಳಗೆ ಹೋದ. ಬಾಗಿಲು ಮುಚ್ಚಿತು. ಬಿಸಿಲು ಏರಿತು. ರಬ್ಬರು ಬಟ್ಟೆಯೊಳಗೆ ಬೆವರು ತೊಟ್ಟಿಕ್ಕುತ್ತ ಬೂಟಿಗೆ ಇಳಿಯುತ್ತಿತ್ತು.

ಬೂಟಿನಲ್ಲೇ ಅವನ ಫೋನೂ ಇತ್ತು. ವೇಷಕ್ಕೆ ಜೇಬಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೀನಖಂಡದ ಹತ್ತಿರ ಅದು ಜೀರುಂಡೆಯ ಹಾಗೆ ಗುಂಯ್‌ಗುಟ್ಟಿತು. ಪೋಸ್ಟರಿನ ಹಲಗೆಯ ಹಿಂದೆ ಸರಿದು, ಬಗ್ಗಿ ತೆಗೆದು, ಮುಖವಾಡದ ಕಿವಿಗೆ ಒತ್ತಿ ಹಿಡಿದ. ಬ್ರೆಡ್ಡು ಕಾರ್ಖಾನೆಯಲ್ಲಿ ಕೆಲಸ ಮಾಡುವ ಬಾಮೈದ, ಅಕ್ಕನ ಜೊತೆಗೆಂದು ಆಸ್ಪತ್ರೆಯಲ್ಲಿದ್ದವನು.

"ಭಾವ, ಎಲ್ಲಿದ್ದೀರಿ? ಸಂಜೆ ಅಂದಿದ್ದನ್ನು ಈಗಲೇ ಮಾಡ್ತಾರಂತೆ. ಮುಂಚಿನವರಿಗೆ ಜ್ವರ ಬಂತಂತ ವಾಪಸ್ ಕಳಿಸಿದರು. ಅಕ್ಕನ್ನ ಗಾಲಿ ಮಂಚದ ಮೇಲೆ ಮಲಗಿಸಿ ಆಯ್ತು. ಅವಳು ಕಾರಿಡಾರಿನ ಕಂಬಿ ಹಿಡ್ಕೊಂಡುಬಿಟ್ಟಿದ್ದಾಳೆ. ಬಿಡಿಸೋಕೆ ಆಗ್ತಿಲ್ಲ."

"ಸ್ವಲ್ಪ ತಡೆಯೋಕೆ ಹೇಳು. ಬಂದೆ."

"ಅವರು ತಡೆಯಲ್ಲ ಭಾವ. ಇವಳು ಬರಲ್ಲ ಅಂದ್ರೆ ಬೇರೆಯವರನ್ನ ಒಳಗೆ ತಗೊಳ್ತಾರಂತೆ. ಮತ್ತೆ ಪಾಳಿ ಯಾವಾಗ ಬರುತ್ತೋ. ಗಡ್ಡೆ ಕಾಯುತ್ತಾ?"

ಕಂಬಣ್ಣ ಫೋನನ್ನು ಬೂಟಿಗೆ ತುರುಕಿ ಅಜ್ಜಿಯನ್ನು ಹುಡುಕಿ ಒಳಕ್ಕೆ ಓಡಬೇಕೆಂದು ತಿರುಗಿದ. ಅದೇ ಗಳಿಗೆಗೆ ಚಿತ್ರಮಂದಿರದ ಬಾಗಿಲು ತೆರೆಯಿತು. ಆಟ ಬಿಟ್ಟಿತ್ತು.

ಹೊರಗೆ ಬಂದ ಜನ ಸಾವಿನ ಮನೆಯಿಂದ ಎದ್ದು ಬಂದವರ ಹಾಗೆ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತರು. ಆಮೇಲೆ ಒಬ್ಬ ಟಿಕೆಟ್ ಹರಿದು ಎಸೆದ. ಇನ್ನೊಬ್ಬ ಪೋಸ್ಟರಿಗೆ ಉಗಿದ. ಗುಂಪು ಟಿಕೆಟಿನ ಕಿಂಡಿಯ ಕಡೆ ನುಗ್ಗಿದ್ದೇ ತಡ, ಮ್ಯಾನೇಜರು ಒಳಗಿನಿಂದ ಧಡಾರನೆ ಶಟರು ಎಳೆದುಕೊಂಡ. ತನ್ನ ಸಿಡಿಲಾಳು ಹೊರಗೇ ಉಳಿದದ್ದು ಅವನ ನೆನಪಿಗೂ ಬರಲಿಲ್ಲ.

ಶಟರಿಗೆ ಗುದ್ದಿ ಕೈ ನೊಂದ ಜನ ತಿರುಗಿದಾಗ ಎದುರಿಗೆ ಕಂಡವನು ಕಂಬಣ್ಣ.

"ಬಾರಪ್ಪಾ, ನಿನ್ನನ್ನೇ ಹುಡುಕ್ತಿದ್ದೆ," ಎಂದ ಮೆಕ್ಯಾನಿಕ್. ಅವನ ಕಣ್ಣು ಕೆಂಪಾಗಿದ್ದವು. "ಸಿನಿಮಾ ಶುರುವಾಗಿ ಇನ್ನೂ ಸೀಟು ಬಿಸಿಯಾಗಿಲ್ಲ, ಆಗಲೇ ಮುಖವಾಡ ತೆಗೆದು ನಿಂತೆ. ಯಾಕೆ? ಹೀರೋ ಮುಖ ಚೆನ್ನಾಗಿದೆ ಅಂತಲಾ?"

"ಅದಾದರೂ ಹೋಗಲಿ," ಎಂದಳು ಪಕ್ಕದಲ್ಲಿದ್ದ ಶಾಲೆಯ ಟೀಚರು. "ಕೊನೆಯಲ್ಲಿ ಆ ಹೆಂಗಸು ಕೂಗ್ತಾನೇ ಇದ್ದಳು. ಸೇತುವೆ ಮುರಿದು ಬಿದ್ದ ಮೇಲೆ ಬಂದನಲ್ಲ ಮಹಾರಾಯ. ಸಿಡಿಲಾಳು ತಡವಾಗಿ ಬರ್ತಾನಾ? ಎಲ್ಲಾದರೂ ಉಂಟಾ?"

"ಟ್ರಾಫಿಕ್ ಇತ್ತೇನೋ," ಎಂದು ಹಿಂದಿನಿಂದ ಯಾರೋ ಕಿಚಾಯಿಸಿದರು.

"ತಡವಾಗಿ ಬಂದು ಹಾಡು ಬೇರೆ ಹೇಳಿದ, ಹೆಣದ ಪಕ್ಕ ಕೂತು."

ಜನ ಸುತ್ತುವರಿದರು. ವೇಷದ ಬೆನ್ನಿಗೆ ಇಳಿಬಿದ್ದಿದ್ದ ಮೇಲಂಗಿಯನ್ನು ಯಾರೋ ಹಿಡಿದು ಜಗ್ಗಿದರು. ಯಾರೂ ಹೊಡೆಯಲಿಲ್ಲ, ಹೊಡೆದಿದ್ದರೆ ನೆಲಕ್ಕೆ ಬಿದ್ದು ತೆವಳಿಯಾದರೂ ಹೋಗಬಹುದಿತ್ತು. ಅವರು ಅವನನ್ನು ನ್ಯಾಯ ಕೇಳುತ್ತಿದ್ದರು. ಅವನ ಕಾಲಿನಲ್ಲಿ ಫೋನು ಮತ್ತೆ ಗುಂಯ್‌ಗುಟ್ಟತೊಡಗಿತು. ಅದರ ಒಂದೊಂದು ನಡುಕವೂ ಅವಳ ಬೆರಳೊಂದು ಕಂಬಿಯಿಂದ ಜಾರಿದ ಹಾಗೆ ಅವನಿಗನ್ನಿಸಿತು.

ಕೊನೆಗೆ ಬಾಯಿ ಬಿಟ್ಟ. "ದಾರಿ ಬಿಡಿ. ನನ್ನ ಹೆಂಡತಿಗೆ ಆಪರೇಷನ್ ಇದೆ. ನನ್ನ ಮುಖ ನೋಡದೆ ಅವಳು ಒಳಗೆ ಹೋಗಲ್ಲ. ಈ ಮುಖವಾಡ ಹೊಲಿದುಬಿಟ್ಟಿದ್ದಾರೆ. ಯಾರಾದರೂ ಆಸ್ಪತ್ರೆಗೆ ಕರ್ಕೊಂಡು ಹೋಗಿ."

ಜನ ಗೊಳ್ಳೆಂದು ನಕ್ಕರು.

"ನೋಡ್ರೋ, ಒಳಗೆ ಸಾಲಲಿಲ್ಲ ಅಂತ ಹೊರಗೂ ಡೈಲಾಗ್ ಇಟ್ಟಿದ್ದಾರೆ."

"ಹೆಂಡತಿಯಂತೆ. ಎರಡನೇ ಭಾಗದ ಕಥೆ ಇರಬೇಕು."

ಫೋನುಗಳು ಮೇಲೆದ್ದವು, ಎಲ್ಲರೂ ಅವನನ್ನು ಚಿತ್ರ ಹಿಡಿಯುತ್ತಿದ್ದರು. ಕಂಬಣ್ಣ ಕೈ ಮುಗಿದ. ಅದನ್ನೂ ಚಿತ್ರ ಹಿಡಿದರು. ನಿಜ ಹೇಳುತ್ತಿದ್ದೇನೆ ಎಂದು ಮುಖದಲ್ಲಿ ತೋರಿಸೋಣವೆಂದರೆ ಮುಖವೇ ಇಲ್ಲ. ಅವನು ಒಳಗೆ ಅಳುತ್ತಿದ್ದ, ಹೊರಗೆ ನೀಲಿ ರಬ್ಬರು ತುಟಿ ಬಿಗಿದುಕೊಂಡು ಗೆದ್ದವನ ಹಾಗೆ ನಗುತ್ತಿತ್ತು. ಬೇರೆ ದಾರಿ ಕಾಣದೆ ಒಂದು ಕಾಲನ್ನು ಮೆಕ್ಯಾನಿಕ್‌ನ ಮುಂದೆ ಚಾಚಿದ.

"ಬೂಟಿನೊಳಗೆ ಕೈ ಹಾಕು ತಮ್ಮಾ. ಫೋನು ತೆಗಿ. ಎಲ್ಲರಿಗೂ ಕೇಳಿಸೋ ಹಾಗೆ ಇಡು."

ಮೆಕ್ಯಾನಿಕ್ ಹುಬ್ಬು ಗಂಟಿಕ್ಕಿ ಬಗ್ಗಿದ. ಬೆವರಿನಲ್ಲಿ ತೊಯ್ದ ಫೋನನ್ನು ಎಳೆದು ಒತ್ತಿದ.

"ಭಾವ," ಎಂಬ ದನಿ ಗುಂಪಿನ ನಡುವೆ ಹೊರಟಿತು. ಬಾಮೈದ ಅಳುತ್ತಿದ್ದ. "ಸಿಸ್ಟರು ಬೈತಿದ್ದಾರೆ ಭಾವ. ಬೇರೆಯವರ ಮಂಚ ತಂದು ನಿಲ್ಲಿಸಿದ್ದಾರೆ. ನೀವೇ ಒಂದು ಮಾತು ಹೇಳಿ, ಕೈ ಬಿಡಲಿ."

ಅದರ ಹಿಂದೆ ದೂರದಿಂದ ಹೆಂಗಸಿನ ದನಿ, ನೋವಿನಲ್ಲೂ ಗದರುತ್ತ: "ನೀನು ಸುಮ್ಮನಿರು. ಬರ್ತಾರೆ. ಆ ಕಂಬಕ್ಕೆ ಕಾಲು ಉದ್ದ ಇದೆ, ಬಂದೇ ಬರ್ತಾರೆ."

ಮೇಲೆದ್ದಿದ್ದ ಕೈಗಳು ಒಂದೊಂದಾಗಿ ಇಳಿದವು. ಟೀಚರು ಬಾಯಿಗೆ ಸೆರಗು ಹಿಡಿದುಕೊಂಡಳು. "ದಾರಿ ಬಿಡ್ರೋ," ಎಂದು ಮೆಕ್ಯಾನಿಕ್ ಅರಚಿದ ರೀತಿಗೆ ಗುಂಪು ಎರಡಾಗಿ ಸೀಳಿಕೊಂಡಿತು.

ಬೈಕಿನ ಹಿಂದೆ ಕೂತ ಕಂಬಣ್ಣನ ಮಂಡಿಗಳು ಎರಡೂ ಕಡೆ ರೆಕ್ಕೆಯ ಹಾಗೆ ಚಾಚಿಕೊಂಡವು. ಮೇಲಂಗಿ ಚಕ್ರಕ್ಕೆ ಸಿಕ್ಕದಂತೆ ಸುತ್ತಿ ಮಡಿಲಲ್ಲಿಟ್ಟುಕೊಂಡ. ಸಿನಿಮಾದ ಸುದ್ದಿ ಅವರಿಗಿಂತ ಮುಂದೆ ಓಡಿತ್ತು. ಬಸ್ಸಿನ ಕಿಟಕಿಯಿಂದ, "ಲೇಟಾಯ್ತು ಸಾರ್, ಸೇತುವೆ ಬಿತ್ತು" ಎಂದು ಒಬ್ಬ ಕೂಗಿದ. ಯಾರೋ ಎಸೆದ ಅರ್ಧ ಕುಡಿದ ಬಾಟಲಿ ಅವನ ಹೆಗಲಿಗೆ ತಾಗಿ ಸಿಡಿಯಿತು. ಮೆಕ್ಯಾನಿಕ್ ತಿರುಗಿ ಹಿಡಿಶಾಪ ಹಾಕಿದ.

"ತಮ್ಮಾ, ಬೈಯೋದು ಆಮೇಲೆ. ಹೋಗು."

"ಹೋಗ್ತಿದ್ದೀನಿ ಅಣ್ಣ." ಸ್ವಲ್ಪ ದೂರ ಹೋದ ಮೇಲೆ, ಗಾಡಿಗಳ ಸಾಲಿನಲ್ಲಿ ಸಿಕ್ಕಿಬಿದ್ದು ನಿಂತಾಗ, ಅವನು ಮುಂದಕ್ಕೇ ನೋಡುತ್ತ ಹೇಳಿದ: "ನಮ್ಮಪ್ಪ ಒಂದು ದಿನಾನೂ ಹೊತ್ತಿಗೆ ಬಂದವನಲ್ಲ. ಶಾಲೆ ಬಿಟ್ಟು ಎಲ್ಲಾ ಮಕ್ಕಳೂ ಹೋದಮೇಲೂ ಗೇಟಿನ ಹತ್ತಿರ ಕೂತು ಸಿಡಿಲಾಳು ಓದ್ತಿದ್ದೆ. ಅದಕ್ಕೇ ಹೊಟ್ಟೆ ಉರೀತು, ಅಷ್ಟೇ. ನಿನ್ನ ಮೇಲೆ ಏನಿಲ್ಲ."

"ನಿನ್ನ ಹತ್ತಿರ ಕಟಿಂಗ್ ಪ್ಲೇಯರ್ ಇದ್ದರೆ ಇಲ್ಲೇ ಈ ಹೊಲಿಗೆ ಬಿಚ್ಚು ತಮ್ಮಾ. ಅಲ್ಲಿಗೆ ಹೋಗೋ ಹೊತ್ತಿಗೆ ಮುಖ ಇರುತ್ತೆ."

ಮೆಕ್ಯಾನಿಕ್ ಕನ್ನಡಿಯಲ್ಲಿ ಅವನನ್ನು ನೋಡಿದ. ಟೂಲು ಡಬ್ಬದ ಕಡೆ ಕೈ ಹೋಯಿತು, ಅರ್ಧದಲ್ಲೇ ನಿಂತಿತು. "ಮುಖವಾಡ ತೆಗೆದ ಅಂತ ಇಷ್ಟು ಹೊತ್ತು ಬಾಯಿ ಬಡ್ಕೊಂಡವನು ನಾನು. ನನ್ನ ಕೈಯಲ್ಲೇ, ನಡುಬೀದಿಯಲ್ಲಿ..." ಎಂದು ತಡವರಿಸಿದ. ಅಷ್ಟರಲ್ಲಿ ಮುಂದಿನ ಗಾಡಿ ಸರಿಯಿತು, ಅವನು ಬೈಕನ್ನು ನುಗ್ಗಿಸಿದ. ಹೀಗೆ ಕೈಗೆ ಬಂದ ಹೊತ್ತು ಕೈ ಜಾರಿತು.

ಆಸ್ಪತ್ರೆಯ ಬಾಗಿಲಲ್ಲಿ ಕಾವಲಿನವನು ಕೋಲು ಅಡ್ಡ ಹಿಡಿದ.

"ಎಲ್ಲಿಗೆ? ಇದು ಆಸ್ಪತ್ರೆ. ನಾಟಕದವರು ಆಚೆ."

"ಅಣ್ಣ, ಒಳಗೆ ನನ್ನ ಹೆಂಡತಿ..."

"ಮುಖ ತೋರಿಸಿ ಒಳಗೆ ಹೋಗು. ಮುಖ ಮುಚ್ಚಿಕೊಂಡವರನ್ನ ಬಿಟ್ಟರೆ ನನ್ನ ಕೆಲಸ ಹೋಗುತ್ತೆ."

ಕಾವಲಿನ ಕೆಲಸ ಏನೆಂದು ಕಂಬಣ್ಣನಿಗಿಂತ ಚೆನ್ನಾಗಿ ಬಲ್ಲವರಾರು? ಅವನು ವಾದಿಸಲಿಲ್ಲ. ಮೆಟ್ಟಿಲ ಮೇಲೆ ಮೊಣಕಾಲೂರಿ ಕೂತು ಕತ್ತು ಬಗ್ಗಿಸಿದ. "ಇನ್ನು ಕತ್ತರಿಸು ತಮ್ಮಾ. ಇಲ್ಲ ಅಂದರೆ ಹರಿ."

ಮೆಕ್ಯಾನಿಕ್ ಕಣ್ಣೊರೆಸಿಕೊಂಡು ಕಟಿಂಗ್ ಪ್ಲೇಯರ್ ತಂದ. ಸೀಟಿನ ದಾರ. ಕುಣಿದಾಡುವ ಪಡ್ಡೆಗಳ ಭಾರಕ್ಕೂ ಬಿಚ್ಚಬಾರದೆಂದು ಅಜ್ಜಿ ಮೇಣ ಹಚ್ಚಿ ಹೊಲಿದ ದಾರ. ಒಂದು ಕಡೆ ತುಂಡಾದರೆ ಇನ್ನೊಂದು ಕಡೆ ಬಿಗಿಯುತ್ತಿತ್ತು. ಇಕ್ಕಳದ ತುದಿ ಚರ್ಮಕ್ಕೆ ಕಚ್ಚಿತು, ರಕ್ತ ಜಿನುಗಿತು. ಕಂಬಣ್ಣ ಹಲ್ಲು ಕಚ್ಚಿ, "ನಿಲ್ಲಿಸಬೇಡ" ಎಂದ. ಅರ್ಧ ಹೊಲಿಗೆ ಬಿಟ್ಟಿತ್ತೋ ಇಲ್ಲವೋ, ತಾನೇ ಎರಡೂ ಕೈಯಿಂದ ಮುಖವಾಡ ಹಿಡಿದು ಎಳೆದ. ಪರ್ರೆಂದು ವೇಷ ಭುಜದಿಂದ ಎದೆಯವರೆಗೆ ಹರಿಯಿತು. ಕೈಗೆ ಸಿಕ್ಕಿದ್ದ ಕೆಲಸವೂ ಅದರ ಜೊತೆಗೆ ಹರಿಯಿತೆಂದು ಅವನಿಗೆ ಗೊತ್ತಿತ್ತು. ಕೋಲು ಹಿಡಿದವನ ಎದುರಿಗೆ ಮುಖವೆತ್ತಿ ನಿಂತ.

ಕಾವಲಿನವನು ಒಂದು ಹೆಜ್ಜೆ ಹಿಂದೆ ಸರಿದ. ಬೆವರಿಗೆ ಮುಖವಾಡದ ಬಣ್ಣ ಬಿಟ್ಟು ಕಂಬಣ್ಣನ ಹಣೆ, ಮೂಗು, ಕೆನ್ನೆ, ಗದ್ದ ಎಲ್ಲವೂ ಅಚ್ಚ ನೀಲಿಯಾಗಿದ್ದವು. ಮುಖವಾಡ ಕಳಚಿದರೂ ಮುಖ ಸಿಕ್ಕಿರಲಿಲ್ಲ.

ಕಾರಿಡಾರಿನ ತುದಿಯಲ್ಲಿ ಅವಳಿದ್ದಳು. ಒಂದು ಕೈ ಕಂಬಿಯಲ್ಲಿ, ಬೆರಳ ಗೆಣ್ಣುಗಳು ಬಿಳಚಿಕೊಂಡಿದ್ದವು. ಸಿಸ್ಟರೊಬ್ಬಳು ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು. ಆಗಲೇ ಕೊಟ್ಟ ಸೂಜಿಮದ್ದಿಗೆ ಅವಳ ಕಣ್ಣು ತೇಲುತ್ತಿದ್ದವು. ಕಂಬಣ್ಣ ದಡದಡನೆ ಓಡಿ ಬಂದು ಅವಳ ಮೇಲೆ ಬಗ್ಗಿದ.

"ಬಂದೆ ಕಣೇ. ನಾನೇ."

ಅವಳು ನೋಡಿದಳು. ದಾರಿಯಲ್ಲಿ ಅಡ್ಡ ಬಂದ ಯಾರನ್ನೋ ನೋಡುವ ಹಾಗೆ ನೋಡಿ, ಅವನ ಹೆಗಲಿನಾಚೆ ಕಣ್ಣು ಹಾಯಿಸಿದಳು. "ಸ್ವಲ್ಪ ಸರೀರಿ. ನಮ್ಮವರು ಬರಬೇಕು."

ಇಷ್ಟು ದೂರ ಓಡಿ ಬಂದು, ಎದುರಿಗೇ ನಿಂತೂ, ಮತ್ತೆ ಬಾಗಿಲ ಹತ್ತಿರ ಕಂಬಣ್ಣ ಇಲ್ಲದವನಾಗಿದ್ದ. ಬಾಮೈದ ಹೆಗಲ ಮೇಲಿದ್ದ ಟವೆಲಿಗೆ ಕುಡಿಯುವ ನೀರು ಸುರಿದು ಭಾವನ ಮುಖ ತಿಕ್ಕತೊಡಗಿದ. ಬಣ್ಣ ಸುಲಭಕ್ಕೆ ಬಿಡಲಿಲ್ಲ. ಚರ್ಮ ಕೆಂಪಾಗುವ ಹಾಗೆ ತಿಕ್ಕಿದ.

"ಇನ್ನು ಆಗಲ್ಲಮ್ಮ," ಎಂದು ಸಿಸ್ಟರು ಕೊನೆಯ ಬೆರಳನ್ನೂ ಬಿಡಿಸಿದಳು. ಮಂಚದ ಗಾಲಿ ಉರುಳಿತು.

ಕಂಬಣ್ಣ ಟವೆಲು ತಳ್ಳಿ, ಮಂಚದ ಜೊತೆಗೇ ಬಾಗಿಕೊಂಡು ಓಡಿದ. ಅವನ ಮುಖದ ಒಂದು ಪಕ್ಕ ಅವನದೇ ಆಗಿತ್ತು: ಸುಕ್ಕುಗಟ್ಟಿದ ಕೆನ್ನೆ, ಕ್ಷೌರ ಮಾಡದ ಗದ್ದ, ಅಟ್ಟದ ಡಬ್ಬ ಬಿದ್ದು ಹುಬ್ಬಿನ ಮೇಲಾದ ಹಳೆಯ ಗಾಯದ ಗುರುತು. ಇನ್ನೊಂದು ಪಕ್ಕ ನೀಲಿ.

ಬಾಗಿಲು ತೆರೆಯಿತು. ಅವಳು ಆ ಹುಬ್ಬಿನ ಗುರುತನ್ನು ನೋಡಿದಳು. ಕೈ ಎತ್ತಿ ಅದನ್ನು ಮುಟ್ಟಿದಳು. ತುಟಿಯ ಮೂಲೆ ಅಲುಗಿತು.

"ಇದೇನ್ರೀ, ಅರ್ಧ ಮಾತ್ರ ತಂದಿದ್ದೀರಿ," ಎಂದಳು, ನಾಲಿಗೆ ತೊದಲುತ್ತಿತ್ತು.

"ಉಳಿದದ್ದೂ ತೊಳ್ಕೋತೀನಿ, ಒಂದು ನಿಮಿಷ..."

"ಬೇಡ. ಇಷ್ಟು ಸಾಕು ಹೋಗೋಕೆ. ಉಳಿದ ಅರ್ಧ ಹೊರಗೆ ಬಂದು ನೋಡ್ತೀನಿ. ಅಲ್ಲೀ ತನಕ ತೊಳೀಬೇಡಿ."

ಬಾಗಿಲು ಮುಚ್ಚಿತು. ಮೇಲೆ ಕೆಂಪು ದೀಪ ಹೊತ್ತಿಕೊಂಡಿತು.

ಆಮೇಲೆ ಆ ಬೆಂಚಿನ ಮೇಲೆ ಮೂವರು ಕೂತರು. ಬಾಮೈದ ತಲೆಯ ಮೇಲೆ ಕೈ ಹೊತ್ತಿದ್ದ. ಮೆಕ್ಯಾನಿಕ್ ಹರಿದ ಮುಖವಾಡವನ್ನು ಮಡಿಲಲ್ಲಿಟ್ಟುಕೊಂಡು ಅದರ ದಾರದ ತುದಿಗಳನ್ನು ಕೀಳುತ್ತಿದ್ದ. ಹಾದುಹೋಗುವವರು ನೀಲಿ ಮುಖವನ್ನು ನೋಡಿ ಮೂಗು ಮುರಿದರು, ಒಬ್ಬಿಬ್ಬರು ಗುರುತು ಹಿಡಿದು ನಕ್ಕರು. ಒಳಗಿನಿಂದ ಒಬ್ಬ ಡಾಕ್ಟರು ಅವಸರದಲ್ಲಿ ಬಂದು, ಯಾರ ಮುಖವನ್ನೂ ನೋಡದೆ, ಇನ್ನೊಬ್ಬ ಡಾಕ್ಟರನ್ನು ಕರೆದುಕೊಂಡು ಒಳಗೆ ಹೋದರು. ದೀಪ ಉರಿಯುತ್ತಲೇ ಇತ್ತು.

ಸಿಸ್ಟರು ಬಕೆಟ್ಟಿನಲ್ಲಿ ನೀರು, ಸೋಪು ತಂದಿಟ್ಟಳು. "ತೊಳ್ಕೊಳ್ಳಿ ಯಜಮಾನರೇ. ಬಣ್ಣ ಒಣಗಿದರೆ ಚರ್ಮ ಉರಿಯುತ್ತೆ."

ಉರಿ ಆಗಲೇ ಶುರುವಾಗಿತ್ತು. ಆ ಪಕ್ಕದ ಕೆನ್ನೆ ಕೆಂಡ ತಾಗಿಸಿದ ಹಾಗೆ ಸುಡುತ್ತಿತ್ತು. ಮೆಕ್ಯಾನಿಕ್ ಟವೆಲು ಅದ್ದಿ ಹಿಂಡಿ ಮುಂದೆ ಹಿಡಿದ.

ಕಂಬಣ್ಣ ಬಾಗಿಲಿನಿಂದ ಕಣ್ಣು ಕೀಳದೆ, ಆ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ.

"ಬೇಡ ತಮ್ಮಾ. ಅವಳಿನ್ನೂ ನೋಡಬೇಕು," ಎಂದ.